ಶಿವಾಲದ ಮಹಡಿಗೆ ಸೋಹಿಯನ್ನು ಕರೆದದ್ದು

ಮಂಜು

ಕಾಶಿಗೆ ಹೋಗುವುದಿದ್ದರೆ ಜನವರಿಯಲ್ಲಿ ಹೋಗಬೇಡಿ. ಹೋದರೂ ಬೆಳಿಗ್ಗೆ ಹತ್ತರೊಳಗೆ ಘಾಟಿಗೆ ಇಳಿಯಬೇಡಿ. ಚಳಿಗೆ ಹೆದರಿ ಹೇಳುತ್ತಿಲ್ಲ. ಚಳಿಗೆ ಎರಡು ಸ್ವೆಟರ್ ಸಾಕು. ಮಂಜಿನಲ್ಲಿ ಪಕ್ಕದಲ್ಲಿ ಯಾರು ನಡೆಯುತ್ತಿದ್ದಾರೆ ಎಂದು ತಿಳಿಯುವುದಿಲ್ಲ. ಕೆಮ್ಮು ಕೇಳಿಸುತ್ತದೆ, ಕೆಮ್ಮಿದವರು ಕಾಣಿಸುವುದಿಲ್ಲ. ನಮ್ಮ ಗದಗಿನಲ್ಲಿ ಬೆಳಕು ಎಂದರೆ ಬೆಳಕು, ನೆರಳು ಎಂದರೆ ನೆರಳು. ಅಲ್ಲಿ ಎರಡರ ನಡುವೆ ಮೂರನೆಯದೊಂದಿದೆ, ಮಧ್ಯಾಹ್ನದವರೆಗೂ ಹರಿಯದೆ ಕೂತಿರುತ್ತದೆ.

ನನ್ನ ವಿಷಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರನ್ನು ನೀವು ನೋಡಿರಬಹುದು. ಹದಿನೇಳನೆಯ ವಯಸ್ಸಿಗೆ ತಲೆಯ ಮೇಲೆ ಬುಟ್ಟಿ ಹೊತ್ತು ಓಣಿ ಓಣಿ ಕೂಗಿದವಳು ನಾನು. ಈಗ ಗದಗಿನಲ್ಲಿ ಸ್ವಂತ ಪಾತ್ರೆ ಅಂಗಡಿ ಇದೆ. ಓದು ಏಳನೇ ಇಯತ್ತೆ. ಆದರೆ ಯಾವ ವಸ್ತುವನ್ನು ಕೈಗೆ ಕೊಟ್ಟರೂ ತಕ್ಕಡಿ ಇಲ್ಲದೆ ತೂಕ ಹೇಳುತ್ತೇನೆ, ಮತ್ತು ಬಾಯಿ ಬಿಟ್ಟರೆ ಜನ ನಗುತ್ತಾರೆ. ಈ ಎರಡನೆಯ ಗುಣದಿಂದಾಗಿ ನಮ್ಮೂರಿನ ಮಹಿಳಾ ಮಂಡಳದಿಂದ ವರ್ತಕರ ಸಂಘದವರೆಗೆ ಯಾವ ಸಮಾರಂಭವಿದ್ದರೂ ಅತಿಥಿಗಳ ಪರಿಚಯ ಮಾಡಿಕೊಡುವ ಕೆಲಸ ನನ್ನದೇ.

ಅಕ್ಕನ ಮಗಳು ಸುಧಾ ನನ್ನನ್ನು ಕಾಶಿಗೆ ಕರೆಸಿದ್ದೂ ಅದಕ್ಕೇ. ಅವಳು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ಹಗಲು ಸೂಕ್ಷ್ಮದರ್ಶಕ, ಸಂಜೆ ಸ್ವಿಂಗ್ ಡಾನ್ಸ್. ಇದು ನೂರು ವರ್ಷದ ಹಿಂದೆ ಅಮೆರಿಕದ ಕಪ್ಪು ಜನ ಕಟ್ಟಿದ ಜೋಡಿ ಕುಣಿತ. ಜೋಡಿಯಲ್ಲಿ ಒಬ್ಬರು ನಡೆಸುವವರು, ಇನ್ನೊಬ್ಬರು ಅನುಸರಿಸುವವರು. ಅವಳಿಗೆ ಕಲಿಸಿದವರು ಕೊರಿಯಾದ ಗಂಡ ಹೆಂಡತಿ, ಟೇಜೂ ಮತ್ತು ಸೋಹಿ. ಅವರು ಮೂರು ದಿನದ ಶಿಬಿರಕ್ಕೆ ಬರುವವರಿದ್ದರು. ಆ ಗುರುಗಳಲ್ಲಿ ಒಂದು ಪದ್ಧತಿ: ಯಾರಿಗೆ ಕಲಿಸುವ ಅಧಿಕಾರ ಕೊಡುತ್ತಾರೋ ಅವರೊಡನೆ ಕೊನೆಯ ದಿನ ಎಲ್ಲರೆದುರು ಒಂದು ಕುಣಿತ ಕುಣಿಯುತ್ತಾರೆ. ಅದಕ್ಕಾಗಿ ಸುಧಾ ಐದು ವರ್ಷ ಕಾದಿದ್ದಳು.

"ಚಿಗವ್ವ, ನೀ ಬಂದು ಅವರ ಪರಿಚಯ ಮಾಡಿಕೊಡು. ಇಲ್ಲಿಯವರು ಮಾಡಿದರ ಅರ್ಧಾ ತಾಸು ಸಂಸ್ಕೃತ ಹೇಳ್ತಾರ, ಜನ ಎದ್ದು ಹೋಗ್ತಾರ," ಅಂದಳು ಫೋನಿನಲ್ಲಿ.

ಹಿತ್ತಾಳೆ ಪಾತ್ರೆಯನ್ನೂ ನೋಡಿದ ಹಾಗಾಗುತ್ತದೆ ಎಂದು ರೈಲು ಹತ್ತಿದೆ.

ಶಿವಾಲ

ರೈಲು ಮಂಜಿನಲ್ಲಿ ಎಲ್ಲೆಲ್ಲೋ ನಿಂತು ಅರ್ಧ ದಿನ ತಡವಾಗಿ ತಲುಪಿತು. ಆ ಕಡೆಯ ಜನರ ಒಂದು ಗುಣ ಮೆಚ್ಚಬೇಕು: ಬೋಗಿಯಲ್ಲಿ ಒಬ್ಬರೂ ಗೊಣಗಲಿಲ್ಲ. ಕಡಲೆಕಾಯಿ ಸುಲಿಯುತ್ತ, "ಆ ಜಾಯೇಗಾ", ಬಂದೀತು ಬಿಡಿ, ಎನ್ನುತ್ತ ಕೂತಿದ್ದರು. ನಮ್ಮ ಕಡೆ ಇಷ್ಟು ಹೊತ್ತಿಗೆ ನಾಲ್ಕು ಜನ ಗಾರ್ಡನ ಹತ್ತಿರ ಜಗಳಕ್ಕೆ ಹೋಗುತ್ತಿದ್ದರು, ಅವರಲ್ಲಿ ನಾನೂ ಇರುತ್ತಿದ್ದೆ.

ಆಟೋದವನ ಜೊತೆ ಚೌಕಾಸಿ ಮಾಡಿ ಗೆದ್ದೆ. ಅವನು ಸೇಡು ತೀರಿಸಿಕೊಂಡದ್ದು ನನ್ನನ್ನು ಹರಿಶ್ಚಂದ್ರ ಘಾಟಿನ ಗಲ್ಲಿಯ ಬಾಯಲ್ಲಿ ಇಳಿಸಿ. ಎರಡೂ ಕಡೆ ಕಟ್ಟಿಗೆಯ ರಾಶಿ, ನಡುವೆ ಆಳೆತ್ತರದ ತಕ್ಕಡಿ. ಹೆಣ ಸುಡಲು ಎಷ್ಟು ಬೇಕೋ ಅಷ್ಟು ತೂಗಿ ಕೊಡುತ್ತಾರೆ. ತೂಕದ ಕೆಲಸ ನನ್ನದೂ ಆದ್ದರಿಂದ ನಿಂತು ನೋಡಿದೆ. ತೂಗುವವನು ಕಟ್ಟಿಗೆ ಇಳಿಸಿದ ಮೇಲೂ ತಕ್ಕಡಿಯ ಆ ಬದಿ ಸ್ವಲ್ಪ ಹೊತ್ತು ಕೆಳಗೇ ಇತ್ತು. ಆಮೇಲೆ ನಿಧಾನವಾಗಿ ಮೇಲೆ ಬಂತು. ಸರಪಳಿ ತುಕ್ಕು ಹಿಡಿದಿರಬೇಕು ಎಂದುಕೊಂಡು ನಡೆದೆ.

ಶಿವಾಲದಲ್ಲಿ ದಕ್ಷಿಣದವರ ಮನೆಗಳು ಬಹಳ. ಬಾಗಿಲಿಗೆ ರಂಗೋಲಿ, ಒಳಗಿಂದ ಒಗ್ಗರಣೆಯ ವಾಸನೆ. ಒಂದು ಕಟ್ಟೆಯ ಮೇಲೆ ಕೂತ ಮುದುಕಿ, "ಒಳಗ ಬಾರೋ, ಥಂಡಿ ಐತಿ," ಎಂದು ಮೊಮ್ಮಗನನ್ನು ಕರೆದರೆ ಆ ಮಗು, "ಆ ರಹಾ ಹೂಂ ದಾದೀ," ಎಂದು ಹಿಂದಿಯಲ್ಲಿ ಓಗೊಟ್ಟಿತು. ಇಬ್ಬರಿಗೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಶಿಬಿರ ನಡೆಯುವುದು ಅಂಥದೇ ಒಂದು ಹಳೆಯ ಮನೆಯ ಮಹಡಿಯಲ್ಲಿ. ಮರದ ನೆಲ, ನದಿಯ ಕಡೆಗೆ ಆರು ಕಿಟಕಿ. ಕಿಟಕಿಯಾಚೆ ನದಿ ಇದೆ ಎಂದು ನಂಬಿಕೊಳ್ಳಬೇಕು, ಕಾಣುವುದು ಬರೀ ಬಿಳಿ. ಎಡಗಡೆಯಿಂದ ಆ ಬಿಳಿಯೊಳಕ್ಕೆ ಬೂದು ಹೊಗೆ ಸೇರುತ್ತಿತ್ತು. ಎಲ್ಲಿಯ ಹೊಗೆ ಎಂದು ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಮೊದಲನೆಯ ದಿನ, ಮಧ್ಯಾಹ್ನ

ವಿಮಾನವೂ ತಡ. ಟೇಜೂ ನಿಲ್ದಾಣದಿಂದ ನೇರವಾಗಿ ಮಹಡಿಗೇ ಬಂದರು. ಐವತ್ತರ ಆಸುಪಾಸು, ತೆಳ್ಳಗಿನ ಮನುಷ್ಯ, ಪ್ಯಾಂಟಿಗೆ ಭುಜದ ಪಟ್ಟಿ, ಕಪ್ಪು ಬಿಳಿ ಎರಡು ಬಣ್ಣದ ಬೂಟು. ಕೈಯಲ್ಲಿ ಇನ್ನೊಂದು ಜೊತೆ ಬೂಟಿನ ಚೀಲ, ಹೆಂಗಸರದು. ಸುಧಾ ಸ್ಪೀಕರಿನ ವೈರಿನೊಡನೆ ಗುದ್ದಾಡುತ್ತಿದ್ದಳು. ಬಗ್ಗಿ ನಮಸ್ಕಾರ ಹೇಳಿದ್ದೇ ಆಯಿತು, ಮಾತಿಗೆ ಸಮಯವಿರಲಿಲ್ಲ. 'ನಾವು ಬರುತ್ತೇವೆ' ಎಂದು ಅವರು ಪತ್ರ ಬರೆದಿದ್ದರು. ಹೆಂಡತಿ ಕೆಳಗೆ ಮುಖ ತೊಳೆಯುತ್ತಿರಬೇಕು ಎಂದು ನಾವೆಲ್ಲ ತಿಳಿದೆವು.

ನಾನು ಮೈಕ್ ಹಿಡಿದೆ. ನನ್ನದು ಹುಬ್ಬಳ್ಳಿ ಹಿಂದಿ. ಸುಧಾ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು.

"ಇವರು ಟೇಜೂ ಮಾಸ್ತರರು. ಬೂಟು ನೋಡಿ. ಬಿಳಿ ಕೊಂಡರೆ ಕಪ್ಪಿಗೆ ಬೇಜಾರು, ಕಪ್ಪು ಕೊಂಡರೆ ಬಿಳಿಗೆ ಬೇಜಾರು ಅಂತ ಎರಡನ್ನೂ ಸಮಾಧಾನ ಮಾಡಿದ ಮನುಷ್ಯ. ಜೋಡಿಯಲ್ಲಿ ಇವರು ನಡೆಸುವವರು, ಹೆಂಡತಿ ಅನುಸರಿಸುವವರು. ಇದು ಕುಣಿತದ ಮಾತು. ಮನೆಯಲ್ಲಿ ಯಾರು ಯಾರನ್ನು ನಡೆಸುತ್ತಾರೆ ಅಂತ ನಾನು ಗದಗಿನಲ್ಲೂ ಕೇಳುವುದಿಲ್ಲ, ಇಲ್ಲೂ ಕೇಳುವುದಿಲ್ಲ."

ಜನ ನಕ್ಕರು. ಟೇಜೂ ಕೂಡ ಅನುವಾದ ಕೇಳಿಸಿಕೊಂಡು ನಕ್ಕರು.

"ಇನ್ನು ಸೋಹಿ ಮೇಡಂ. ವೇದಿಕೆಗೆ ಬರಬೇಕು."

ಯಾರೂ ಬರಲಿಲ್ಲ. ನಮ್ಮ ಸಮಾರಂಭಗಳಲ್ಲಿ ಇದಕ್ಕೊಂದು ರೂಢಿ ಇದೆ. ತಡವಾದ ಅತಿಥಿಯ ಕುರ್ಚಿಗೇ ಹಾರ ಹಾಕಿಬಿಡುತ್ತೇವೆ, ಹೆಸರನ್ನು ಮೂರು ಸಲ ಕೂಗುತ್ತೇವೆ. ಅತಿಥಿ ಓಡಿ ಬರುತ್ತಾರೆ, ಚಪ್ಪಾಳೆ ಬೀಳುತ್ತದೆ. ಎಷ್ಟೋ ಶಾಸಕರನ್ನು ನಾನು ಹಾಗೆ ಓಡಿಸಿದ್ದೇನೆ. ಚೆಂಡುಹೂವಿನ ಹಾರವನ್ನು ಖಾಲಿ ಕುರ್ಚಿಯ ಬೆನ್ನಿಗೆ ಹಾಕಿದೆ.

"ಸೋಹಿ ಮೇಡಂ, ಹಾರ ಹಾಕಿ ಆಯಿತು. ಹಾರ ಬಿಟ್ಟು ಕೂತ ಹೆಂಗಸನ್ನು ನಾನು ಇನ್ನೂ ನೋಡಿಲ್ಲ. ಬರಬೇಕು!"

ನಗು. ಮೂರನೆಯ ಸಲ ಕೈ ಬಾಗಿಲಿಗೆ ಚಾಚಿ, ಅಂಗಡಿಯಲ್ಲಿ ಗಿರಾಕಿಯನ್ನು ಕರೆಯುವ ದನಿಯಲ್ಲೇ ಕೂಗಿದೆ.

"ಸೋಹೀ! ಬಾರವ್ವಾ ತಾಯಿ, ನಿನಗೇ ಕಾಯಾಕತ್ತೀವಿ!"

ಟೇಜೂ ಎದ್ದು ನಿಂತರು. ಅವರು ಬಾಗಿಲು ನೋಡುತ್ತಿದ್ದರು. ಆಮೇಲೆ ತಮ್ಮ ಕುರ್ಚಿಯನ್ನು ಗೇಣಿನಷ್ಟು ಹಿಂದಕ್ಕೆ ಎಳೆದರು, ಸಾಲಿನಲ್ಲಿ ಕೂತವರು ಒಳಗೆ ಬರುವವರಿಗೆ ದಾರಿ ಬಿಡುತ್ತಾರಲ್ಲ, ಹಾಗೆ. ಹಾರ ಹಾಕಿದ ಕುರ್ಚಿ ಕಿರ್ ಎಂದಿತು. ಹಳೆಯ ಬೆತ್ತದ ಕುರ್ಚಿ.

ಅವರು ಸುಧಾಳಿಗೆ ಒಂದು ಮಾತು ಹೇಳಿದರು. ಅವಳ ಮುಖ ಸುಣ್ಣದ ಹಾಗಾಯಿತು.

"ಚಿಗವ್ವ, ಮೈಕ್ ಬಂದ್ ಮಾಡು. ಸೋಹಿ ತೀರಿಕೊಂಡಾರಂತ. ಮೂರು ತಿಂಗಳಾತಂತ."

ಮೈಕ್ ಬಂದ್ ಮಾಡಿದೆ. ಸಮಾರಂಭದ ಕೊನೆಗೆ ಮಾಡಬೇಕಾದ ವಂದನಾರ್ಪಣೆಯನ್ನೂ ಮಾಡದೆ ಮೂಲೆಗೆ ಹೋಗಿ ಕೂತೆ. ಟೇಜೂ ಕೋಪ ಮಾಡಿಕೊಳ್ಳಲಿಲ್ಲ. ಹಾಡು ಹಾಕಿ ಎಂದು ಸನ್ನೆ ಮಾಡಿ, ಕೋಣೆಯ ನಡುವೆ ನಿಂತು, ಎಡಗೈ ಮುಂದೆ ಚಾಚಿ, ಬಲಗೈಯನ್ನು ಯಾರದೋ ಬೆನ್ನಿಗೆ ಇಟ್ಟಂತೆ ಬಳಸಿ, ಒಬ್ಬರೇ ಕುಣಿಯತೊಡಗಿದರು.

ಎಲ್ಲರೂ ಕಣ್ಣೊರೆಸಿಕೊಂಡರು. ನಾನು ಒರೆಸಿಕೊಳ್ಳಲಿಲ್ಲ, ನೋಡುತ್ತಿದ್ದೆ. ಈ ಕುಣಿತದಲ್ಲಿ ಇಬ್ಬರೂ ಸ್ವಲ್ಪ ಹಿಂದಕ್ಕೆ ವಾಲಿ, ಒಬ್ಬರ ಭಾರವನ್ನು ಇನ್ನೊಬ್ಬರು ಕೈಯಲ್ಲಿ ಹಿಡಿದು ತಿರುಗುತ್ತಾರೆ. ಟೇಜೂ ವಾಲಿದ್ದರು. ಬಾವಿಯಿಂದ ತುಂಬಿದ ಕೊಡ ಸೇದುವಾಗ ನಾವು ಹಿಂದಕ್ಕೆ ವಾಲಿರುತ್ತೇವೆ, ಹಗ್ಗ ಹರಿದರೆ ಬೀಳುತ್ತೇವೆ. ಅಷ್ಟು ವಾಲಿದ್ದರು, ಬೀಳಲಿಲ್ಲ. ಅವರ ಭಾರ ಎಲ್ಲಿ ಇಳಿಯುತ್ತಿದೆ ಎಂದು ಹುಡುಕಿದೆ. ಹಿಮ್ಮಡಿ ನೋಡಿದೆ, ನೆಲದ ಇಳಿಜಾರು ನೋಡಿದೆ. ಮೋಸದ ತಕ್ಕಡಿಯಲ್ಲಿ ಅಯಸ್ಕಾಂತ ಎಲ್ಲಿರುತ್ತದೆ ಎಂದು ಒಂದೇ ನೋಟಕ್ಕೆ ಹೇಳುವವಳಿಗೆ ಇಲ್ಲಿ ಏನೂ ಸಿಗಲಿಲ್ಲ.

ಚಹಾ ವೇಳೆಯಲ್ಲಿ ಪರದೆಯ ಹಿಂದೆ ಹೋಗಿ ನಾನೂ ಹಾಗೆ ವಾಲಿ ನೋಡಿದೆ. ಬೂಟುಗಳ ರಾಶಿಯ ಮೇಲೆ ಬಿದ್ದೆ. ನೀವು ಪ್ರಯತ್ನಿಸುವುದಾದರೆ ಹಿಂದೆ ಹಾಸಿಗೆ ಇಟ್ಟುಕೊಳ್ಳಿ.

ಎರಡನೆಯ ದಿನ

ಈ ಕುಣಿತ ಕಲಿಸುವ ಕ್ರಮ ಚೆನ್ನಾಗಿದೆ. ಎಲ್ಲರೂ ಜೋಡಿಯಾಗಿ ವರ್ತುಲದಲ್ಲಿ ನಿಲ್ಲುತ್ತಾರೆ. ಗುರು ಚಪ್ಪಾಳೆ ತಟ್ಟಿದರೆ ಅನುಸರಿಸುವವರು ಒಂದು ಮನೆ ಮುಂದಕ್ಕೆ ಸರಿಯಬೇಕು, ಹೊಸ ಜೋಡಿ. ಗಂಡ ಹೆಂಡತಿ ಅಂಟಿಕೊಂಡು ಕೂರುವ ಹಾಗಿಲ್ಲ. ನಮ್ಮ ಮದುವೆ ಊಟದ ಪಂಕ್ತಿಗೂ ಈ ನಿಯಮ ಬಂದರೆ ಎಷ್ಟು ಜಗಳ ತಪ್ಪೀತು.

ಸುಧಾ ಲೆಕ್ಕ ಮಾಡಿ ನಿಲ್ಲಿಸಿದ್ದಳು. ಹನ್ನೊಂದು ಜನ ನಡೆಸುವವರು, ಹನ್ನೊಂದು ಜನ ಅನುಸರಿಸುವವರು. ನಾನೂ ಎಣಿಸಿದೆ, ನನ್ನ ಎಣಿಕೆ ತಪ್ಪುವುದಿಲ್ಲ. ಮೊದಲ ಚಪ್ಪಾಳೆ ಬಿತ್ತು, ಎಲ್ಲರೂ ಸರಿದರು. ಒಬ್ಬ ಹುಡುಗಿ ಜೋಡಿಯಿಲ್ಲದೆ ನಡುವೆ ನಿಂತಳು.

ಮತ್ತೆ ಎಣಿಸಿದರು. ಹನ್ನೊಂದು, ಹನ್ನೊಂದು. ಮತ್ತೆ ಚಪ್ಪಾಳೆ. ಈಗ ಬೇರೊಬ್ಬಳು ಉಳಿದಳು.

ಹಾಗಾದರೆ ಒಬ್ಬ ನಡೆಸುವವನೂ ಜೋಡಿಯಿಲ್ಲದೆ ಇರಬೇಕಲ್ಲ? ಹುಡುಕಿದೆ. ಕಿಟಕಿಯ ಹತ್ತಿರ ವಿಶ್ವವಿದ್ಯಾಲಯದ ಆಸ್ಪತ್ರೆಯ ಪ್ರಹ್ಲಾದ ಡಾಕ್ಟರು, ಮೈಸೂರಿನವರು, ಕನ್ನಡಕದ ಹಿಂದೆ ಕಣ್ಣು ಮುಚ್ಚಿ, ಕೈಗಳನ್ನು ಗಾಳಿಯಲ್ಲಿ ಬಳಸಿ, ಆರಾಮವಾಗಿ ಹೆಜ್ಜೆ ಹಾಕುತ್ತಿದ್ದರು.

"ಡಾಕ್ಟರೇ, ನಿಮ್ಮ ಜೋಡಿ ಎಲ್ಲಿ?"

ಅವರು ಕಣ್ಣು ಬಿಟ್ಟು ತಮ್ಮ ಕೈಗಳನ್ನು ನೋಡಿಕೊಂಡರು. "ಇದ್ದರಲ್ಲಮ್ಮಾ. ಈಗಿನ್ನೂ ಇದ್ದರು. ಚೆನ್ನಾಗಿ ಕುಣೀತಿದ್ದರು."

"ಯಾರು?"

"ನೋಡಲಿಲ್ಲ. ಹೆಜ್ಜೆ ಎಣಿಸ್ತಾ ಇದ್ದೆ. ಕೈ ಸ್ವಲ್ಪ ತಣ್ಣಗಿತ್ತು." ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಚಳಿ ಅಲ್ವಾ," ಎಂದರು. ಆಮೇಲೆ ಸ್ವೆಟರ್ ಹುಡುಕಿಕೊಂಡು ಹೋದವರು ಆ ದಿನ ವರ್ತುಲಕ್ಕೆ ಮರಳಲಿಲ್ಲ.

ಊಟದ ನಂತರ ಸುಧಾ ಮತ್ತು ಟೇಜೂ ಮರುದಿನದ ಕುಣಿತವನ್ನು ಅಭ್ಯಾಸ ಮಾಡಲು ನಿಂತರು. ನಾನು ಬಾಗಿಲ ಬಳಿ ಕೂತಿದ್ದೆ. ಸುಧಾ ಕೈ ಕೊಟ್ಟಳು, ಎರಡು ಹೆಜ್ಜೆ ಹಾಕಿದಳು, ಕೈ ಬಿಟ್ಟು ಹಿಂದೆ ಸರಿದಳು. ಮತ್ತೆ ಹೋದಳು, ಮತ್ತೆ ಸರಿದಳು. ಮೂರನೆಯ ಸಲ ಅವಳು ಓಡಿ ಬಂದು ನನ್ನ ಪಕ್ಕ ಕುಸಿದಳು. ಅವಳ ಕೈ ಹಿಡಿದೆ, ಬಾವಿ ನೀರಿನಿಂದ ತೆಗೆದ ಹಾಗಿತ್ತು.

"ಆಗೂದಿಲ್ಲ ಚಿಗವ್ವ. ಜಾಗಾ ಇಲ್ಲ."

"ಎಲ್ಲಿ ಜಾಗಾ ಇಲ್ಲವ್ವಾ? ಇಷ್ಟು ದೊಡ್ಡ ಮಹಡಿ ಐತಿ."

"ಅವರ ಕೈಯಾಗ. ನಾ ಹಿಡಿಯೂಕಿಂತ ಮೊದಲ ಅಲ್ಲಿ ಇನ್ನೊಂದು ಕೈ ಐತಿ. ನನ್ನ ಬೆರಳ ಸರಿಸ್ತದ. ಸಿಟ್ಟಿಲೆ ಅಲ್ಲ. ನಾವು ಕುಂತ ಖುರ್ಚಿ ಮ್ಯಾಲ ಯಾರರ ಕೂಡಾಕ ಬಂದರ ಹೆಂಗ ಮೆಲ್ಲಕ ದಬ್ಬತೀವಿ, ಹಂಗ."

"ನಾಳೆ?"

"ನಾಳೆ ಇಲ್ಲ. ನಾ ಕಲಸೂದು ಇಲ್ಲ." ಅವಳು ಮೊಣಕಾಲಲ್ಲಿ ಮುಖವಿಟ್ಟಳು. "ನೀ ಕರದಿ ಚಿಗವ್ವ. ಮೂರು ಸಲ ಕರದಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ, ಇದ್ದದ್ದು ಹೇಳಿದಳು. ಆಚೆ ಟೇಜೂ ಇನ್ನೂ ನಡುವೆಯೇ ನಿಂತಿದ್ದರು, ಸ್ವಲ್ಪ ಹಿಂದಕ್ಕೆ ವಾಲಿಕೊಂಡು, ಯಾರದೋ ಮಾತು ಕೇಳುವವರಂತೆ ತಲೆ ಓರೆ ಮಾಡಿಕೊಂಡು. ಮುಖದಲ್ಲಿ ಸಣ್ಣ ನಗು.

ಕೇದಾರ ಘಾಟ್

ತಪ್ಪು ನನ್ನದಾದರೆ ಸರಿಪಡಿಸುವುದೂ ನನ್ನ ಕೆಲಸ. ಅದೇ ಸಂಜೆ ಕೇದಾರ ಘಾಟಿನಲ್ಲಿ ಶ್ರಾದ್ಧ ಮಾಡಿಸುವ ಭಟ್ಟರೊಬ್ಬರ ಹತ್ತಿರ ಹೋದೆ. ಅವರ ಮುತ್ತಜ್ಜ ಉಡುಪಿಯ ಕಡೆಯಿಂದ ಬಂದವರಂತೆ. ಇವರು ಕನ್ನಡ ಮಾತಾಡಿದರೆ ಅರ್ಧ ದಾರಿಯಲ್ಲಿ ಹಿಂದಿ ಹತ್ತಿಕೊಳ್ಳುತ್ತದೆ. ಎಲ್ಲ ಕೇಳಿಸಿಕೊಂಡು ತಲೆ ಚಚ್ಚಿಕೊಂಡರು.

"ಅರೇ ಮಾತಾಜಿ! ಹಾರ ಹಾಕಿ, ಹೆಸರು ಹಿಡಿದು, ತೀನ್ ಬಾರ್ ಕರೆದಿರಾ? ಈ ಜಾಗದಲ್ಲಿ? ನಾವು ಇಲ್ಲಿ ಕರೆಯೋದಕ್ಕೆ ಮುಂಚೆ ಸೌ ಬಾರ್ ಯೋಚನೆ ಮಾಡ್ತೀವಿ."

"ತಿಳೀಲಾರದ ಆತ್ರಿ. ನೀವ ಬಂದು ಏನರ ಮಂತ್ರ ಹೇಳಿ ಕಳಿಸ್ರಿ. ಏನ್ ಬೇಕು ಕೇಳ್ರಿ, ಕೊಡ್ತೀನಿ."

"ನಾನು ಕರೆದಿಲ್ಲ, ನಾನು ಹೇಗೆ ಕಳಿಸೋದು? ಶ್ರಾದ್ಧದಲ್ಲೂ ಅಷ್ಟೇ. ಆವಾಹನೆ ಮಾಡಿದವರೇ ವಿಸರ್ಜನೆ ಮಾಡಬೇಕು. ನೀವು ಭಾಷಣ್ ಮಾಡಿ ಕರೆದಿದ್ದು, ಭಾಷಣ್ ಮಾಡಿಯೇ ಕಳಿಸಿ. ನಿಮ್ಮಲ್ಲಿ ಸಭೆ ಮುಗಿಸೋದು ಹೇಗೆ?"

"ವಂದನಾರ್ಪಣೆ."

"ಮಾಡಿದಿರಾ?"

ಇಲ್ಲವೆಂದು ತಲೆ ಆಡಿಸಿದೆ.

"ಹಾಂ. ಸಭೆ ಇನ್ನೂ ಖತಂ ಆಗಿಲ್ಲ. ಅತಿಥಿ ಎದ್ದು ಹೋಗೋದಾದರೂ ಹೇಗೆ?" ಅವರು ಶಾಲು ಹೊದ್ದುಕೊಂಡು ಎದ್ದರು. "ಒಂದು ಮಾತು ಮಾತಾಜಿ. ಯಾರು ಅಂತ ತಿಳಿಯದೆ ಕರೆದಿರಿ. ಯಾರು ಅಂತ ತಿಳಿಯದೆ ಕಳಿಸಬೇಡಿ. ಅದು ಅಪಮಾನ್."

ದೋಣಿ

ಮೂರನೆಯ ದಿನ ಬೆಳಿಗ್ಗೆ ಟೇಜೂರನ್ನು ಹುಡುಕಿಕೊಂಡು ಹೋದೆ. ಅವರು ಒಂದು ದೋಣಿಯಲ್ಲಿ ಕೂತಿದ್ದರು. ಅಲ್ಲಿಯ ಅಂಬಿಗರ ಜಾಣತನಕ್ಕೆ ಕೈ ಮುಗಿಯಬೇಕು. ಕೊರಿಯಾದ ಪ್ರವಾಸಿಗರು ಬಹಳ ಬರುತ್ತಾರೆಂದು ಅವರ ಭಾಷೆಯನ್ನೇ ಕಲಿತುಬಿಟ್ಟಿದ್ದಾರೆ. ದೋಣಿಯವನು ಗೋಪಾಲ್, ನರೆತ ಮೀಸೆಯವನು. ನಾನು ಹಿಂದಿಯಲ್ಲಿ ಹೇಳಿದ್ದನ್ನು ಕೊರಿಯನ್ನಿಗೆ, ಅವರು ಹೇಳಿದ್ದನ್ನು ಹಿಂದಿಗೆ ಮಾಡುತ್ತ ಹುಟ್ಟು ಹಾಕಿದ. ಹತ್ತು ಮಾರು ಹೋಗುವಷ್ಟರಲ್ಲಿ ದಡ ಕಾಣದಾಯಿತು. ಮೇಲೆ ಬಿಳಿ, ಕೆಳಗೆ ಬಿಳಿ, ನಡುವೆ ನಾವು ಮೂವರು. ದೋಣಿ ಮಾತ್ರ ನಾಲ್ವರು ಕೂತಷ್ಟು ನೀರಿಗೆ ಇಳಿದಿತ್ತು. ತೂಕ ನನ್ನ ವಿದ್ಯೆ, ಬೇಡವೆಂದರೂ ಗೊತ್ತಾಗುತ್ತದೆ.

"ನನ್ನಿಂದ ತಪ್ಪಾಯಿತು, ಅವರ ಬಗ್ಗೆ ಹೇಳಿ, ಇವತ್ತು ಸರಿಯಾಗಿ ಪರಿಚಯ ಮಾಡಿ ಕಳಿಸಿಕೊಡುತ್ತೇನೆ," ಎಂದೆ.

ಟೇಜೂ ಮಾತಾಡಿದಾಗ ಗೋಪಾಲ್ ಹುಟ್ಟು ನಿಲ್ಲಿಸಿ ಕೇಳಿಸಿಕೊಂಡ.

"ಅಮ್ಮಾ, ಇವರು ಹೇಳ್ತಾರೆ, ಅವರ ದೇಶದಲ್ಲೂ ಸತ್ತವರ ದಿನ ಬಾಗಿಲು ತೆರೆದಿಟ್ಟು ಕರೀತಾರಂತೆ. ಇವರು ಮೂರು ತಿಂಗಳು ಕರೆದರಂತೆ. ಬರಲಿಲ್ಲ. ನೀವು ಕರೆದಿರಿ, ಬಂದಳು."

"ನನ್ನ ಮಾತಿಗೆ ಯಾಕೆ?"

"ಇವರು ಅಳ್ತಾ ಕರೆದರು. ನೀವು ನಗಿಸ್ತಾ ಕರೆದಿರಿ. ಎಲ್ಲಿ ನಾಲ್ಕು ಜನ ನಗ್ತಾರೋ ಅಲ್ಲಿಗೆ ಹೋಗೋ ಹೆಂಗಸಂತೆ ಅವಳು."

ಆಮೇಲೆ ಅವರು ಹೇಳುತ್ತಲೇ ಹೋದರು. ಕುಣಿಯುವಾಗ ಗಂಡನ ಕಿವಿಯಲ್ಲಿ ತಪ್ಪು ಎಣಿಕೆ ಹೇಳಿ ಹೆಜ್ಜೆ ತಪ್ಪಿಸುತ್ತಿದ್ದಳಂತೆ. ಸ್ಪರ್ಧೆಯೊಂದರಲ್ಲಿ ತೀರ್ಪುಗಾರನ ಟೋಪಿ ಕದ್ದು ಹಾಕಿಕೊಂಡೇ ಕುಣಿದಳಂತೆ. ನಿದ್ದೆಯಲ್ಲಿ ಅವಳ ಕಾಲು ತಾಳ ಹಾಕುತ್ತಿತ್ತಂತೆ. ಗೋಪಾಲ್ ಅನುವಾದ ಮಾಡುತ್ತ ಎರಡು ಸಲ ಜೋರಾಗಿ ನಕ್ಕ. ದೋಣಿ ಅಲುಗಾಡಿತು. ಅವನ ನಗುವಿಗಿಂತ ಸ್ವಲ್ಪ ಹೆಚ್ಚೇ ಅಲುಗಾಡಿತು ಎಂದು ನನಗೆ ಅನ್ನಿಸಿತು.

ಕೊನೆಗೆ ಟೇಜೂ ನನ್ನನ್ನೇ ನೋಡಿ ಕೇಳಿದರು. "ನೀವು ಕಳಿಸುವ ಮುಂಚೆ ಅವಳ ಜೊತೆ ಮೂರು ಹಾಡು ಕುಣಿಯಬಹುದೇ?"

ಈಗ ನಡೆದದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಮೂರು ಎಂದ ಕೂಡಲೇ ನನ್ನ ಬಾಯಲ್ಲಿ ಬಂದದ್ದು 'ಒಂದು'. ನಲವತ್ತು ವರ್ಷದ ಅಭ್ಯಾಸ. ಎದುರಿನವರು ಮೂರು ಅಂದರೆ ಒಂದು ಅನ್ನಬೇಕು, ಅವರು ಎರಡೂವರೆಗೆ ಇಳಿಯುತ್ತಾರೆ, ಎರಡಕ್ಕೆ ಮುಗಿಯುತ್ತದೆ. ಸುಧಾಳ ತಣ್ಣನೆ ಕೈಯೂ ಕಣ್ಣ ಮುಂದಿತ್ತು. ಹಾಡು ಹೆಚ್ಚಾದಷ್ಟೂ ಸೋಹಿಯ ಹಿಡಿತ ಹೆಚ್ಚಾದರೆ ಏನು ಗತಿ ಎಂದು ಹೆದರಿದ್ದೆ.

ಗೋಪಾಲ್ ಅನುವಾದ ಮಾಡಲಿಲ್ಲ. "ಏಕ್ ಹೀ, ಅಮ್ಮಾ?" ಎಂದು ಕೇಳಿದ.

"ಹೇಳು," ಎಂದೆ.

ಹೇಳಿದ. ಟೇಜೂ ಎರಡೂವರೆ ಅನ್ನಲಿಲ್ಲ, ಎರಡೂ ಅನ್ನಲಿಲ್ಲ. ಎರಡು ಕೈ ಮೊಣಕಾಲ ಮೇಲಿಟ್ಟು ತಲೆ ಬಾಗಿಸಿದರು. ಒಪ್ಪಿಗೆ.

ಮೂರನೆಯ ದಿನ, ಮಧ್ಯಾಹ್ನ

ಮಹಡಿ ತುಂಬಿತ್ತು. ಪ್ರಹ್ಲಾದ ಡಾಕ್ಟರೂ ಬಂದಿದ್ದರು, ಗೋಡೆಗೆ ಬೆನ್ನು ಒತ್ತಿ ನಿಂತಿದ್ದರು. ಸುಧಾ ಬೂಟು ಹಾಕಿಕೊಂಡು ನನ್ನ ಪಕ್ಕದಲ್ಲಿ. ಅವಳಿಗೆ ನಾನು ಹೇಳಿದ್ದು ಇಷ್ಟೇ: "ನಾ ಹೆಸರು ಕರದಾಗ ಬಾ. ಅಲ್ಲೀತನಾ ಬ್ಯಾಡ."

ಮೈಕ್ ಹಿಡಿದೆ.

"ಮೊನ್ನೆ ನಾನು ಸೋಹಿ ಮೇಡಂ ಅವರನ್ನು ಯಾರೆಂದು ತಿಳಿಯದೆ ಕರೆದೆ. ಇವತ್ತು ಪರಿಚಯ ಮಾಡಿಕೊಡುತ್ತೇನೆ. ಗಂಡ ಎಣಿಕೆ ಕಲಿಸುವ ಮಾಸ್ತರ, ಇವರು ಆ ಎಣಿಕೆ ತಪ್ಪಿಸುವ ಮಾಸ್ತರಣಿ. ಐದು ಆದ ಮೇಲೆ ಏಳು ಅಂತ ಕಿವಿಯಲ್ಲಿ ಹೇಳಿ, ಹೆಜ್ಜೆ ತಪ್ಪಿದರೆ ಸಭೆಯ ಕಡೆ ತಿರುಗಿ, 'ನೋಡಿ, ನನ್ನದೇನೂ ಇಲ್ಲ' ಅಂತ ಮುಖ ಮಾಡುವವರು. ತೀರ್ಪುಗಾರರ ಟೋಪಿ ಕದ್ದು ಬಹುಮಾನವನ್ನೂ ಕೊಂಡುಹೋದವರು. ಡಾಕ್ಟರೇ, ನಿನ್ನೆ ನಿಮಗೆ ಇವರು ಕಲಿಸಿದ್ದಾರೆ. ಫೀಸು ಕೊಟ್ಟಿರಾ?"

ಡಾಕ್ಟರು ಗೋಡೆಗೆ ಇನ್ನಷ್ಟು ಒತ್ತಿಕೊಂಡರು. ಜನ ನಕ್ಕರು. ಆ ನಗುವಿನ ಹಿಂದೆಯೇ ನದಿಯ ಕಡೆಯಿಂದ ಇನ್ನೊಂದು ನಗು, ಸ್ವಲ್ಪ ತಡವಾಗಿ, ಎಲ್ಲರೂ ನಿಲ್ಲಿಸಿದ ಮೇಲೆ, ಒಂದೇ ಉಸಿರಿನದು. ಎಲ್ಲರೂ ಪಕ್ಕದವರನ್ನು ನೋಡಿದರು. ಟೇಜೂ ಯಾರನ್ನೂ ನೋಡಲಿಲ್ಲ. ನಡುವೆ ಬಂದು ಕೈ ಚಾಚಿದರು.

ಹಾಡು ಶುರುವಾಯಿತು.

ಮೊನ್ನೆ ನೋಡಿದ್ದು ಏನೂ ಅಲ್ಲ. ಅವರ ಕೈಯ ತುದಿಯಲ್ಲಿ ಗಾಳಿ ತಿರುಗುತ್ತಿತ್ತು. ಅವರು ಜೋರಾಗಿ ತಿರುಗಿಸಿ ಬಿಟ್ಟಾಗ ಎದುರಿನ ಸಾಲಿನ ಹೆಂಗಸರ ಸೆರಗು ಅಲುಗಿತು. ಮರದ ನೆಲದ ಮೇಲೆ ಅವರ ಹೆಜ್ಜೆಯ ಸದ್ದಿನ ನಡುನಡುವೆ ಇನ್ನೊಂದು ಹೆಜ್ಜೆ, ಹಗುರವಾದದ್ದು. ಒಂದು ಕಡೆ ಅವರು ಎಡವಿದರು, ಎಡವಿ ನಕ್ಕರು, ತಲೆ ಬಾಗಿಸಿ ಕಿವಿ ಕೊಟ್ಟು ಮತ್ತೆ ನಕ್ಕರು. ಹೆದರಬೇಕಾದ ನನಗೆ ಹೆದರಿಕೆ ಮರೆತುಹೋಯಿತು. ನಾನು ಆಗ ತಾನೇ ನೆಟ್ಟಗೆ ಕೂತಿದ್ದೆ, ಚೆನ್ನಾಗಿ ನೋಡೋಣ ಎಂದು.

ಹಾಡು ಮುಗಿಯಿತು.

ಇದು ಪಲ್ಲವಿ ಇರಬೇಕು, ಇನ್ನು ಮುಂದಕ್ಕೆ ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಸುಧಾಳ ಕಡೆ ತಿರುಗಿದೆ.

"ಇಷ್ಟೇನ?"

"ಇಷ್ಟ, ಚಿಗವ್ವ. ಇವೆಲ್ಲ ಹಳೇ ಗ್ರಾಮಫೋನ್ ತಬಕಡಿ ಹಾಡು. ಮೂರು ನಿಮಿಷಾನೂ ಇರೂದಿಲ್ಲ."

ಎರಡು ದಿನ ತರಗತಿಯಲ್ಲಿ ಅದೇ ಹಾಡನ್ನು ನಿಲ್ಲಿಸಿ, ಹಚ್ಚಿ, ಮತ್ತೆ ಹಚ್ಚಿ ಕಲಿಸಿದ್ದರು. ನನಗೆ ಅದು ಮುಗಿಯದ ಹಾಡು ಎನ್ನಿಸಿತ್ತು. ಹಾಡು ಎಂದರೆ ನನ್ನ ತಲೆಯಲ್ಲಿ ನಮ್ಮ ಭಜನೆಯ ಅಳತೆ, ಒಂದು ಹಾಡಿಗೆ ಅರ್ಧ ತಾಸು. ಸರಕಿನ ಅಳತೆ ಕೇಳದೆ ನಾನು ಎಂದೂ ಚೌಕಾಸಿಗೆ ಕೂತವಳಲ್ಲ. ಅಂದು ದೋಣಿಯಲ್ಲಿ ಹಾಗೆ ಕೂತುಬಿಟ್ಟಿದ್ದೆ.

"ಇನ್ನೊಮ್ಮೆ ಹಚ್ಚು," ಎಂದೆ.

ಸುಧಾ ಹಾಡು ಹಚ್ಚಲು ಕೈ ಚಾಚಿದಳು. ಟೇಜೂ ನಮ್ಮ ಕಡೆ ನೋಡಿ ಬೇಡ ಎಂದು ತಲೆ ಆಡಿಸಿದರು. ಆಡಿದ ಮಾತು ಆಡಿದ್ದೇ. ನಾನೂ ವ್ಯಾಪಾರದಲ್ಲಿ ಹಾಗೆಯೇ. ಆದರೆ ಎದುರಿನವರಲ್ಲಿ ಆ ಗುಣ ನೋಡಿ ಅಷ್ಟು ಸಂಕಟ ಎಂದೂ ಆಗಿರಲಿಲ್ಲ. ಅವರು ಚಾಚಿದ ಕೈ ಹಾಗೆಯೇ ಇತ್ತು. ಅವರು ನನ್ನ ಮಾತಿಗೆ ಕಾಯುತ್ತಿದ್ದರು.

ಹೇಳಲೇಬೇಕಾಯಿತು.

"ಸೋಹಿ ಮೇಡಂ, ದೂರದಿಂದ ಬಂದಿರಿ. ಗುರುತಿಲ್ಲದ ಹೆಂಗಸು ಕರೆದದ್ದಕ್ಕೆ ಬಂದಿರಿ. ನಮ್ಮ ಸಭೆಗೆ ಶೋಭೆ ತಂದಿರಿ. ಎಲ್ಲರ ಪರವಾಗಿ ನಿಮಗೆ ವಂದನೆ." ಇಲ್ಲಿಯವರೆಗೆ ಬಾಯಿಪಾಠ. ಮುಂದಿನದಕ್ಕೆ ಮೈಕ್ ಕೆಳಗಿಟ್ಟೆ. "ಸಭೆ ಮುಗಿಯಿತು, ತಾಯಿ."

ಟೇಜೂ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಐದನೆಯದು ಬಿಟ್ಟಾಗ ಅವರ ಇಡೀ ದೇಹ ಹಿಂದಕ್ಕೆ ಹೋಯಿತು, ಹಗ್ಗ ಹರಿದವರ ಹಾಗೆ. ಎರಡು ಹೆಜ್ಜೆ ತತ್ತರಿಸಿ, ಕಾಲೂರಿ ನೆಟ್ಟಗೆ ನಿಂತರು. ಬಾಗಿಲ ಕಡೆಯಿಂದ ಕಿಟಕಿಯ ಕಡೆಗೆ ಒಂದು ಗಾಳಿ ಹಾದುಹೋಯಿತು. ಮಂಜು ಇದ್ದಲ್ಲೇ ಇತ್ತು.

"ಸುಧಾ," ಎಂದೆ. ಒಂದೇ ಸಲ ಕರೆದೆ.

ಅವಳು ಹೋದಳು. ಕೈ ಕೊಟ್ಟಳು. ಕೈ ಕೈಯಲ್ಲಿ ಕೂತಿತು, ಯಾರೂ ಸರಿಸಲಿಲ್ಲ. ಇಬ್ಬರೂ ಚೆನ್ನಾಗಿ ಕುಣಿದರು. ಹೆಜ್ಜೆ ತಪ್ಪಲಿಲ್ಲ, ಎಣಿಕೆ ತಪ್ಪಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಟೇಜೂ ಎಲ್ಲರೆದುರು ಬಗ್ಗಿ ಸುಧಾಳಿಗೆ ನಮಸ್ಕಾರ ಮಾಡಿದರು. ಇನ್ನು ಅವಳು ಕಲಿಸಬಹುದು. ಆಮೇಲೆ ಎಲ್ಲರೂ ವರ್ತುಲ ಕಟ್ಟಿದರು. ಚಪ್ಪಾಳೆ ಬಿತ್ತು, ಸರಿದರು, ಒಬ್ಬರೂ ಉಳಿಯಲಿಲ್ಲ. ಹನ್ನೊಂದಕ್ಕೆ ಹನ್ನೊಂದು.

ಟೇಜೂ ಕಿಟಕಿಯ ಬಳಿ ಕೂತು ಬೂಟಿನ ದಾರ ಬಿಚ್ಚುತ್ತಿದ್ದರು. ಹತ್ತಿರ ಹೋದೆ. ಯಾರಿಗಾದರೂ ಏನಾದರೂ ಸಲಹೆ ಹೇಳದೆ ನಾನು ಬಿಟ್ಟವಳಲ್ಲ. ಹೆಂಡತಿ ಸತ್ತವರಿಗೆ ಹೇಳುವ ಮಾತುಗಳೂ ನನ್ನಲ್ಲಿ ಬೇಕಾದಷ್ಟಿದ್ದವು. ಅವರು ತಲೆ ಎತ್ತಿ ನೋಡಿದರು. ಕೋಪವಿರಲಿಲ್ಲ. ಒಪ್ಪಂದ ಮುಗಿದ ಮೇಲೆ ಎದುರಿನವರನ್ನು ನೋಡುವ ಹಾಗೆ, ಮರ್ಯಾದೆಯಿಂದ ನೋಡಿದರು.

ಇನ್ನೆರಡು ಹಾಡು ತೆಗೆದುಕೊಳ್ಳಿ ಎನ್ನಲು ಬಾಯಿ ತೆರೆದೆ. ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.